ಮೂರು ವಾರ ಅಂದ್ರು, 26 ವರ್ಷ ಆಯ್ತು

ಕಳೆದ ಈಸ್ಟರ್ ರಜೆಯಲ್ಲಿ ನಾವು ಐದು ಜನ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿದ್ವಿ. ಎರಡು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಚಿತ್ರಾನ್ನ, ಬಿಡದೆ ಸುರಿಯೋ ಮಳೆ. ಬೆಟ್ಟದ ತುಂಬಾ ಕುರಿ. ನಮ್ಮದು ಸಿರಾ ಪಕ್ಕದ ಹಳ್ಳಿ, ದೊಡ್ಡಪ್ಪ ಇವತ್ತಿಗೂ ಕುರಿ ಸಾಕ್ತಾರೆ. ಹಾಗಾಗಿ ಕುರಿ ಕಂಡಲ್ಲಿ ನಿಂತು ನೋಡೋದು ನನ್ನ ಚಾಳಿ. ಇಲ್ಲಿನ ಕುರಿಗಳ ಮೈಮೇಲೆ ಕೆಂಪು, ನೀಲಿ ಬಣ್ಣ ಬಳಿದಿರ್ತಾರೆ, ಯಾರ ಕುರಿ ಅಂತ ಗುರುತಿಗೆ. ಆದರೆ ಇದೇ ಬೆಟ್ಟಗಳಲ್ಲಿ ಒಂದು ಕಾಲದಲ್ಲಿ ಬಣ್ಣಕ್ಕೆ ಬೇರೆ ಅರ್ಥವೂ ಇತ್ತು: ಈ ಕುರಿಯ ಮಾಂಸದಲ್ಲಿ ವಿಕಿರಣ ಇದೆ, ಸದ್ಯಕ್ಕೆ ಕಡಿಯೋ ಹಾಗಿಲ್ಲ.

ಈ ಕಥೆ ನನಗೆ ಗೊತ್ತಾಗಿದ್ದು ಕ್ರೆಡಿಟ್ ತುಂಬಿಸೋಕೆ ತಗೊಂಡ ಒಂದು ಎಲೆಕ್ಟಿವ್‌ನಲ್ಲಿ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಫೋಟ ಆಯ್ತು. ಮೇ ಮೊದಲ ವಾರ ಆ ಮೋಡ ಬ್ರಿಟನ್ ಮೇಲೆ ಬಂದಾಗ ಕಂಬ್ರಿಯಾ, ವೇಲ್ಸ್ ಬೆಟ್ಟಗಳಲ್ಲಿ ಜೋರು ಮಳೆ. ಸೀಸಿಯಂ ನೆಲಕ್ಕಿಳಿಯಿತು, ಹುಲ್ಲಿಗೆ ಬಂತು, ಕುರಿಗೆ ಬಂತು. ಮೊದಲು ಭಯ ಬೇಡ ಅಂದ್ರು. ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಕುರಿ ಮಾರಾಟಕ್ಕೆ ನಿಷೇಧ ಹಾಕಿದ್ರು, ಅದೂ ಮೂರೇ ವಾರ ಅಂತ. ಮೂರು ವಾರ ಕಳೆಯಿತು, ನಿಷೇಧ ಹೋಗಲಿಲ್ಲ. ಕೊನೆಯ ಫಾರ್ಮ್‌ಗಳ ಮೇಲಿನ ನಿರ್ಬಂಧ ತೆಗೆದಿದ್ದು 2012ರ ಜೂನ್‌ನಲ್ಲಿ. ಆಗ ನಾನು ಸಿರಾದ ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡ್ತಿದ್ದೆ.

ಲೆಕ್ಕ ಎಲ್ಲಿ ತಪ್ಪಿತು? ವಿಜ್ಞಾನಿಗಳ ಹತ್ತಿರ ಇದ್ದ ಮಾದರಿ ಜೇಡಿಮಣ್ಣಿನದು. ಜೇಡಿಮಣ್ಣು ಸೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ, ಬೇರಿಗೆ ಸಿಗೋಕೆ ಬಿಡಲ್ಲ. ಬೆಟ್ಟದ ಮೇಲಿರೋದು ಹುಳಿ ಗುಣದ, ಕೊಳೆತ ಸಸ್ಯದ ಪೀಟ್ ಮಣ್ಣು. ಅಲ್ಲಿ ಸೀಸಿಯಂ ಸುಮ್ಮನೆ ಕೂರಲ್ಲ, ಮಣ್ಣಿಂದ ಹುಲ್ಲಿಗೆ, ಹುಲ್ಲಿಂದ ಕುರಿಗೆ, ಹಿಕ್ಕೆಯಿಂದ ಮತ್ತೆ ಮಣ್ಣಿಗೆ ಸುತ್ತುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಸಮೀಕರಣ ಸರಿ ಇತ್ತು, ಬೌಂಡರಿ ಕಂಡೀಷನ್ ತಪ್ಪಿತ್ತು. ಅದೇನು ಮಹಾಪರಾಧ ಅಲ್ಲ. ನಾನು ಅಸೈನ್‌ಮೆಂಟ್‌ಗಳಲ್ಲಿ ದಿನಾ ಮಾಡ್ತೀನಿ.

ನನಗೆ ಚುಚ್ಚಿದ್ದು ಆಮೇಲಿನ ಭಾಗ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಬ್ರಿಯಾನ್ ವಿನ್ ಆ ರೈತರನ್ನ ಮಾತಾಡಿಸಿ ಬರೆದಿದ್ದಾರೆ. ಕುರಿಗಳನ್ನ ಕೆಳಗಿನ ಕಣಿವೆಯ ಹುಲ್ಲಿಗೆ ಇಳಿಸಿ ಅಂತ ತಜ್ಞರು ಹೇಳಿದ್ರಂತೆ. ಕಣಿವೆಯ ಹುಲ್ಲು ಇರೋದೇ ಸ್ವಲ್ಪ, ಅದು ಈಗಲೇ ಮುಗಿದ್ರೆ ಚಳಿಗಾಲಕ್ಕೆ ಏನು ಗತಿ ಅಂತ ಯಾರೂ ಕೇಳಿರಲಿಲ್ಲ. ಒಣಹುಲ್ಲು ಹಾಕಿ ಅಂದಾಗ ರೈತರು ನಕ್ಕರು, ಆ ಕುರಿ ಅದನ್ನ ಮೂಸಿಯೂ ನೋಡಲ್ಲ. (ನಮ್ಮ ಕಡೆ ಕಡಲೆಕಾಯಿ ಬಳ್ಳಿ ಹಾಕಿದ್ರೆ ಒಂದನ್ನೊಂದು ತುಳಿದುಕೊಂಡು ಬರ್ತಾವೆ. ಕುರಿ ಅಂದ್ರೆ ಎಲ್ಲಾ ಒಂದೇ ಅಲ್ಲ.) ಮತ್ತೊಂದು ಪ್ರಯೋಗಕ್ಕೆ ಕುರಿಗಳನ್ನ ಬೇಲಿಯೊಳಗೆ ಕೂಡಿಹಾಕಿದ್ರು. ಬಯಲಲ್ಲಿ ಓಡಾಡಿ ಬೆಳೆದ ಕುರಿ, ಕೂಡಿಹಾಕಿದ್ರೆ ಸೊರಗುತ್ತೆ ಅಂತ ರೈತರು ಮೊದಲೇ ಹೇಳಿದ್ರು. ಅದೇ ಕಾರಣಕ್ಕೆ ಆಮೇಲೆ ಪ್ರಯೋಗವನ್ನ ಸದ್ದಿಲ್ಲದೆ ಕೈಬಿಟ್ಟರು. ನೀವು ಹೇಳಿದ್ದು ಸರಿ ಇತ್ತು ಅಂತ ಯಾರೂ ಬಂದು ಹೇಳಲಿಲ್ಲ.

ಇದಕ್ಕೊಂದು ಹಳೇ ಗಾಯವೂ ಇತ್ತು. ಪಕ್ಕದಲ್ಲೇ ಸೆಲ್ಲಾಫೀಲ್ಡ್ ಅಣು ಸ್ಥಾವರ. ಅದಕ್ಕೆ ವಿಂಡ್‌ಸ್ಕೇಲ್ ಅನ್ನೋ ಹೆಸರಿದ್ದಾಗ, 1957ರಲ್ಲಿ, ಅಲ್ಲಿ ರಿಯಾಕ್ಟರಿಗೆ ಬೆಂಕಿ ಬಿದ್ದು, ಸುತ್ತಮುತ್ತಲಿನ ಫಾರ್ಮ್‌ಗಳ ಹಾಲನ್ನ ವಾರಗಟ್ಟಲೆ ಚೆಲ್ಲಿಸಿದ್ರು. ತನಿಖೆಯ ಪೂರ್ತಿ ವರದಿ ಜನರ ಕೈಗೆ ಸಿಕ್ಕಿದ್ದು 1988ರಲ್ಲಿ. ಇಂಥವರು ಬಂದು "ಇದೆಲ್ಲಾ ಚೆರ್ನೋಬಿಲ್‌ನದು, ನಮ್ಮದಲ್ಲ" ಅಂದಾಗ ರೈತರು ಯಾಕೆ ನಂಬಬೇಕಿತ್ತು? ಅವರನ್ನ ವಿಜ್ಞಾನವಿರೋಧಿಗಳು ಅನ್ನೋಕೆ ನನಗಂತೂ ಬಾಯಿ ಬರಲ್ಲ. ಅವರು ಸಿಟ್ಟಾಗಿದ್ದು ಗೀಗರ್ ಕೌಂಟರ್ ಮೇಲಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನೋ ದನಿಯಲ್ಲಿ ಹೇಳಿದವರ ಮೇಲೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. 2021ರ ಎರಡನೇ ಅಲೆಯಲ್ಲಿ ಕಾಲೇಜು ಮುಚ್ಚಿ ಊರಲ್ಲಿದ್ದೆ. ಎದುರು ಮನೆಯ ತಾತ ಹೋಗಿಬಿಟ್ಟಿದ್ದ ವಾರ ಅದು. ದೊಡ್ಡಪ್ಪ ಲಸಿಕೆಗೆ ಒಪ್ಪಲಿಲ್ಲ. "ಬಿಪಿ ಮಾತ್ರೆ ನುಂಗ್ತೀನಿ, ಅದರ ಜೊತೆ ಇದು ಆಗುತ್ತೇನಪ್ಪಾ?" ಅಂತ ಕೇಳಿದ್ರು. ಎಂಥ ನೇರ ಪ್ರಶ್ನೆ! ನಾನೇನು ಮಾಡಿದೆ? ಮೊಬೈಲ್ ಹಿಡಿದು ಕ್ಲಿನಿಕಲ್ ಟ್ರಯಲ್, ಆಂಟಿಬಾಡಿ, ಪರ್ಸೆಂಟೇಜು ಅಂತ ಕಾಲು ಗಂಟೆ ಕೊರೆದೆ. ಅವರು ಮತ್ತೆ ಅದನ್ನೇ ಕೇಳಿದಾಗ, "ಅದೆಲ್ಲಾ ನಿಮಗೆ ಅರ್ಥ ಆಗಲ್ಲ ದೊಡ್ಡಪ್ಪ, ಸುಮ್ಮನೆ ಹಾಕಿಸ್ಕೊಳ್ಳಿ" ಅಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಕುರಿ ಹಟ್ಟಿ ಕಡೆ ಹೋದ್ರು. ಎರಡು ವಾರ ನನ್ನ ಜೊತೆ ಮಾತಿಲ್ಲ, ಲಸಿಕೆಯೂ ಇಲ್ಲ. ಆ ಎರಡು ವಾರದಲ್ಲಿ ಅವರಿಗೇನಾದ್ರೂ ಆಗಿದ್ದಿದ್ರೆ ಅನ್ನೋ ಯೋಚನೆ ಈಗಲೂ ಬರುತ್ತೆ.

ಕೊನೆಗೆ ಒಪ್ಪಿಸಿದ್ದು ಊರಿನ ಆಶಾ ಕಾರ್ಯಕರ್ತೆ. ಜಗಲಿ ಮೇಲೆ ಕೂತು, ಟೀ ಕುಡಿದು, ಕುರಿ ಎಷ್ಟು ಮರಿ ಹಾಕಿದೆ ಅಂತೆಲ್ಲಾ ವಿಚಾರಿಸಿದ್ರು. ಬಿಪಿ ಪ್ರಶ್ನೆಗೆ "ನನಗೆ ಸರಿಯಾಗಿ ಗೊತ್ತಿಲ್ಲ ಅಣ್ಣಾ, ಡಾಕ್ಟ್ರನ್ನ ಕೇಳಿ ನಾಳೆ ಹೇಳ್ತೀನಿ" ಅಂದ್ರು. ಮಾರನೇ ದಿನ ನಿಜವಾಗಿಯೂ ಬಂದ್ರು. ಮಾತ್ರೆ ಬಿಡೋದು ಬೇಡ, ಲಸಿಕೆ ಹಾಕಿಸ್ಕೋಬಹುದು, ಒಂದೆರಡು ದಿನ ಜ್ವರ ಬರಬಹುದು, ನನಗೂ ಬಂದಿತ್ತು ಅಂದ್ರು. ಅಷ್ಟೇ. ನನ್ನ ಮಾಹಿತಿ ತಪ್ಪಿರಲಿಲ್ಲ, ಬಹುಶಃ ಅವರಿಗಿಂತ ಜಾಸ್ತಿಯೇ ಇತ್ತು. ಆದರೆ ಗೊತ್ತಿಲ್ಲ ಅನ್ನೋಕೆ ಆ ಅಕ್ಕನಿಗೆ ನಾಚಿಕೆ ಇರಲಿಲ್ಲ, ನನಗಿತ್ತು.

ಹಾಗಂತ ಯಾರ ಮಾತು ಬೇಕಾದ್ರೂ ಒಂದೇ ತೂಕ ಅಂತಲ್ಲ. ಗೋಮೂತ್ರದಲ್ಲಿ ಕೋವಿಡ್ ವಾಸಿ ಅಂತ ವಾಟ್ಸಾಪ್‌ನಲ್ಲಿ ಬಂದ್ರೆ ಅದು ಸುಳ್ಳು, ಕಳಿಸಿದವರು ಮಾವನೇ ಆಗಿರಲಿ. ಕಂಬ್ರಿಯಾದ ರೈತರೂ ವಿಕಿರಣವನ್ನ ಕಣ್ಣಲ್ಲಿ ಅಳೀತೀವಿ ಅನ್ನಲಿಲ್ಲ, ಕುರಿ ಬಗ್ಗೆ ನಮ್ಮನ್ನ ಕೇಳಿ ಅಂದ್ರು. ಈ ವ್ಯತ್ಯಾಸ ನಮಗೆ ಕಾಣಬೇಕು. ಯಾಕಂದ್ರೆ ಇಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಅಂತ ಬಂದಿರೋ ನಮ್ಮಲ್ಲಿ ಹೆಚ್ಚಿನವರಿಗೆ ಮನೆಯ ಗ್ರೂಪ್‌ನಲ್ಲಿ 'ತಜ್ಞ'ರ ಪಟ್ಟ ಆಗಲೇ ಸಿಕ್ಕಿದೆ. ನನ್ನ ವಿಷಯ ಮೆಕ್ಯಾನಿಕಲ್, ಆದರೂ ಥೈರಾಯ್ಡ್‌ನಿಂದ ಷೇರು ಮಾರುಕಟ್ಟೆವರೆಗೂ ಉತ್ತರ ಕೊಟ್ಟಿದ್ದೀನಿ.

ಲೇಕ್ ಡಿಸ್ಟ್ರಿಕ್ಟ್‌ನಿಂದ ಬಂದ ರಾತ್ರಿ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿ ಕುರಿ ಫೋಟೋ ತೋರಿಸಿದೆ, ಚೆರ್ನೋಬಿಲ್ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಇಷ್ಟು ಮಳೇಲಿ ಗೊರಸು ಕೊಳೆಯಲ್ವಾ ಅವಕ್ಕೆ? ಏನು ಔಷಧಿ ಹಾಕ್ತಾರೆ?" ಅಂದ್ರು.

ಗೊತ್ತಿಲ್ಲ ದೊಡ್ಡಪ್ಪ, ಮುಂದಿನ ಸಲ ಹೋದಾಗ ಯಾರನ್ನಾದ್ರೂ ಕೇಳಿ ಹೇಳ್ತೀನಿ ಅಂದೆ.