ಒಸಿಯೋಲಾನ ಪಟ, ಕೂಂಟಿಯ ಹಿಟ್ಟು

ಫ್ಲಾರಿಡಾದ ಸೆಮಿನೋಲ ಮೂಲನಿವಾಸಿಗಳ ಬಗ್ಗೆ ಮೊನ್ನೆ ಓದಿದ ಪುಸ್ತಕವೊಂದು 1838ರ ಜನವರಿಗೇ ಮುಗಿದುಹೋಯಿತು. ಬಿಳಿ ಬಾವುಟ ನಂಬಿ ಮಾತುಕತೆಗೆ ಬಂದ ಅವರ ಮುಂದಾಳು ಒಸಿಯೋಲಾನನ್ನು ಅಮೆರಿಕದ ಸೇನೆಯ ಜನರಲ್ ಜೆಸಪ್ ಸೆರೆಹಿಡಿಸಿದ. ದಕ್ಷಿಣ ಕೆರೊಲಿನಾದ ಕೋಟೆಯಲ್ಲಿ ಚಿತ್ರಕಾರ ಕ್ಯಾಟ್ಲಿನ್ ಅವನ ಪಟ ಬರೆದ. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಸಮಾಪ್ತಿ! ವೀರ ಸತ್ತೊಡನೆ ಚರಿತ್ರೆಗೆ ಅಗಳಿ ಹಾಕುವ ಈ ಚಾಳಿ ನನಗೆ ಹಿಡಿಸದು. ಸೆಮಿನೋಲರೊಂದಿಗೆ ಆ ಸೇನೆಯ ಯುದ್ಧ ನಡೆದದ್ದು 1842ರವರೆಗೆ. 1855ರಲ್ಲಿ ಮತ್ತೆ ಹೊತ್ತಿಕೊಂಡಿತು. 1858ರಲ್ಲಿ ಇನ್ನೊಬ್ಬ ಮುಂದಾಳು ಬಿಲ್ಲಿ ಬೋಲೆಗ್ಸ್ ತನ್ನವರೊಂದಿಗೆ ಪಶ್ಚಿಮದ ಹಡಗು ಹತ್ತಿದ. ಮುದುಕ ಅಬಿಯಾಕಾ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಎವರ್‌ಗ್ಲೇಡ್ಸ್, ಬಿಗ್ ಸೈಪ್ರೆಸ್ ಜೌಗುಗಳಲ್ಲಿ ಕೆಲವು ನೂರು ಜನ ಉಳಿದರು.

ಹಾಗಾದರೆ ನಿಜವಾದ ಮುಂದಾಳು ಅಬಿಯಾಕಾನೇ ಎಂದು ಅವನ ಬೆನ್ನು ಹತ್ತಿದೆ. ದಾರಿಯಲ್ಲಿ ಅವನ ಜನ ಉಂಡ ಕೂಂಟಿ ಗಿಡ ಸಿಕ್ಕಿತು; ಅಲ್ಲೇ ಕೂತೆ.

ಕೂಂಟಿ ನಮ್ಮ ತೋಟಗಳ ಸೈಕಸ್‌ನ ದಾಯಾದಿ. ಪೈನ್ ಮರಗಳ ಕೆಳಗೆ ಬೆಳೆಯುತ್ತದೆ. ಮೇಲೆ ಜರಿಗಿಡದಂಥ ಎಲೆ, ನೆಲದೊಳಗೆ ದಪ್ಪ ಕಾಂಡ. ಹಾಗೇ ತಿಂದರೆ ವಿಷ. ಕಾಂಡವನ್ನು ಕೊಚ್ಚಿ, ಮರದ ಒರಳಲ್ಲಿ ಕುಟ್ಟಿ, ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಬೇಕು. ಹಿಟ್ಟು ತಳಕ್ಕೆ ಕೂತ ಮೇಲೆ ನೀರು ಬಸಿದು, ಕೆಲವು ದಿನ ಹುಳಿಯಲು ಬಿಟ್ಟು ಒಣಗಿಸಬೇಕು. ವಿಷ ನೀರಿನೊಡನೆ ಹೊರಟುಹೋಗುತ್ತದೆ. ಇದೇ ಹಿಟ್ಟನ್ನು ಮುಂದೆ ಮಯಾಮಿಯ ಬಿಳಿಯರು ಗಿರಣಿಯಲ್ಲಿ ತೆಗೆದು ಮಾರಿದರು. 

ಸೇನೆ ಹಳ್ಳಿ ಸುಟ್ಟಿತು, ಮುಸುಕಿನ ಜೋಳದ ಹೊಲ ಸುಟ್ಟಿತು, ದನ ಹೊಡೆದುಕೊಂಡು ಹೋಯಿತು. ಕೂಂಟಿಯನ್ನು ಏನು ಮಾಡೀತು? ಅದಕ್ಕೆ ಬಿತ್ತುವ ಹೊಲವಿಲ್ಲ, ತುಂಬಿಡುವ ಕಣಜವಿಲ್ಲ. ಕಾಡಿಗೆ ಬೆಂಕಿ ಬಿದ್ದರೂ ನೆಲದೊಳಗಿನ ಕಾಂಡ ಮತ್ತೆ ಚಿಗುರುತ್ತದೆ.

ಇಲ್ಲಿಗೆ ಬರುವಷ್ಟರಲ್ಲಿ ಮುಂದಾಳು ಯಾರೆಂಬ ಪ್ರಶ್ನೆಯೇ ಸಪ್ಪೆಯಾಯಿತು. ಕಾದಿದವರು ಯಾರೆಂದು ಸೇನೆಯ ಕಡತಗಳೇ ಹೇಳುತ್ತವೆ. ಅಡಗಿದ ಜನರ ಹೊಟ್ಟೆಗೆ ಹಾಕಿದವರು ಯಾರು? ಸೆಮಿನೋಲರಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ: ಗಾಳಿ, ಹಕ್ಕಿ, ಕರಡಿ, ನೀರುನಾಯಿ. ಮದುವೆಯಾದ ಗಂಡಸು ಹೆಂಡತಿಯ ಕಡೆಯವರ ಬಿಡಾರಕ್ಕೆ ಹೋಗುತ್ತಿದ್ದ. ಗರಿ ಹೊದಿಸಿದ, ಗೋಡೆಯಿಲ್ಲದ ಚಿಕೀ ಮನೆಗಳು. ನಡುವೆ ಅಡುಗೆಯ ಬೆಂಕಿ. ಗಾಲಿಯ ಅರಗಳಂತೆ ಸುತ್ತ ಜೋಡಿಸಿದ ಕೊರಡುಗಳನ್ನು ಉರಿದಂತೆಲ್ಲ ಒಳಕ್ಕೆ ತಳ್ಳುವುದು. ಆ ಬೆಂಕಿ, ಆ ಒರಳು ಹೆಂಗಸರ ಕೈಯಲ್ಲಿದ್ದವು. ಅಬಿಯಾಕಾ ಕದಲದೆ ಕೂತದ್ದು ಹಟದಿಂದಷ್ಟೇ ಅಲ್ಲ, ಹಿಟ್ಟಿನ ಬಲದಿಂದಲೂ ಹೌದು.

ಇನ್ನು ಮುಂದೆ ಸೆಮಿನೋಲರ ಚರಿತ್ರೆ ಎಂಬ ಪುಸ್ತಕ ಕೈಗೆ ಬಂದರೆ ಮೊದಲು ಪದಸೂಚಿಯಲ್ಲಿ ಕೂಂಟಿ ಹುಡುಕುತ್ತೇನೆ. ಸಿಗದಿದ್ದರೆ ಅದು ಅಮೆರಿಕದ ಸೇನೆಯ ಚರಿತ್ರೆ.