ಹೋಗಿ ಬರುತ್ತೇನೆ

ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟುವವರು ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಅವಸರದಲ್ಲಿ 'ಹೋಗ್ತೀನಿ' ಎಂದುಬಿಟ್ಟ ಮಗುವನ್ನು ಅಜ್ಜಿ ಬಾಗಿಲಲ್ಲೇ ತಡೆದು, 'ಹಾಂಗ ಅನ್ನಬಾರದವ್ವಾ, ಹೋಗಿ ಬರ್ತೀನಿ ಅನ್ನು' ಎಂದು ತಿದ್ದಿಸಿಯೇ ಕಳುಹಿಸುತ್ತಾಳೆ. ದೂರದ ಬಲ್ಗೇರಿಯ ದೇಶದಲ್ಲಿಯೂ ಬೀಳ್ಕೊಡುವಾಗ ಆಡುವ ಮಾತು 'ದೊವಿಜ್ದಾನೆ'. 'ಮತ್ತೆ ಕಾಣುವವರೆಗೆ' ಎಂಬುದು ಅದರ ಅರ್ಥ. ಅಗಲಿಕೆಯ ಮಾತಿನೊಳಗೆ ಮರಳುವಿಕೆಯನ್ನು ಅಡಗಿಸಿಡುವ ಜಾಣ್ಮೆ ಎಲ್ಲ ನಾಡಿನ ತಾಯಂದಿರಿಗೂ ತಿಳಿದಿರುವುದೇ ಆಗಿದೆ.

ಈ ತಿಂಗಳು ನಾವು ಬಲ್ಗೇರಿಯದ ವಿಚಾರವನ್ನೇ ಎತ್ತಿಕೊಂಡುದಕ್ಕೆ ಕಾರಣವಿದೆ. ಮಕ್ಕಳನ್ನು ಓದಿಗಾಗಿ ಹೊರದೇಶಕ್ಕೆ ಕಳುಹಿಸುವ ಸಂಕಟವನ್ನೂ ಸಂತೋಷವನ್ನೂ ಆ ಪುಟ್ಟ ದೇಶ ತಲೆಮಾರುಗಳಿಂದ ಅನುಭವಿಸುತ್ತ ಬಂದಿದೆ. ಇಂದು ನಮ್ಮಲ್ಲಿಯೂ ಅಂಥ ಮನೆಗಳು ಹೆಚ್ಚುತ್ತಿವೆ. ಆದುದರಿಂದ ಅವರ ಅನುಭವ ನಮಗೆ ದೂರದ್ದೆನಿಸಲಾರದು.

ಯುರೋಪಿನಲ್ಲಿ 'ಎರಾಸ್ಮಸ್' ಎಂಬ ಹೆಸರಿನ ವಿದ್ಯಾರ್ಥಿ ವಿನಿಮಯ ಯೋಜನೆಯೊಂದಿದೆ. ತನ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿಯೇ ಇದ್ದುಕೊಂಡು, ಕೆಲವು ತಿಂಗಳು ಅಥವಾ ಒಂದು ವರ್ಷ ಬೇರೊಂದು ದೇಶದಲ್ಲಿ ಓದಿ, ಮರಳಿ ಬಂದು ಪದವಿ ಮುಗಿಸುವ ವ್ಯವಸ್ಥೆ ಅದು. ಅಲ್ಲಿ ಬೋಧನಾ ಶುಲ್ಕ ಕೊಡಬೇಕಿಲ್ಲ. ಖರ್ಚಿನ ಒಂದು ಭಾಗಕ್ಕೆ ಸಹಾಯಧನವೂ ದೊರೆಯುತ್ತದೆ. 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳಿಂದ ಆರಂಭವಾದ ಈ ಯೋಜನೆಯ ಪ್ರಯೋಜನವನ್ನು ಇದುವರೆಗೆ ಒಂದೂವರೆ ಕೋಟಿಗೂ ಹೆಚ್ಚು ಜನ ಪಡೆದಿದ್ದಾರೆ. ಬಲ್ಗೇರಿಯ ಇದರಲ್ಲಿ ಸೇರಿದ್ದು 1999ರಲ್ಲಿ, ಎಂದರೆ 2007ರಲ್ಲಿ ಯುರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರವಾಗುವುದಕ್ಕಿಂತ ಎಷ್ಟೋ ಮೊದಲೇ.

ಈ ಯೋಜನೆಯ ಹುಟ್ಟಿನ ಹಿಂದೆ ಒಬ್ಬ ಹೆಣ್ಣುಮಗಳ ನೊಂದ ಮನಸ್ಸಿದೆ ಎಂಬುದನ್ನು ಬಲ್ಲವರು ವಿರಳ. ಇಟಲಿಯ ಸೋಫಿಯಾ ಕೊರ್ರಾದಿ ಎಂಬ ವಿದ್ಯಾರ್ಥಿನಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ ಗಳಿಸಿದರು. 1958ರಲ್ಲಿ ರೋಮ್ ನಗರಕ್ಕೆ ಮರಳಿ, ಅಲ್ಲಿನ ಓದನ್ನು ಇಲ್ಲಿಯ ಪದವಿಗೆ ಲೆಕ್ಕ ಹಿಡಿಯಬೇಕೆಂದು ತಮ್ಮ ವಿಶ್ವವಿದ್ಯಾಲಯವನ್ನು ಕೇಳಿದಾಗ ಅವರಿಗೆ ದೊರೆತದ್ದು ಮುಖಭಂಗ ಮಾತ್ರ. ಹೊರಗೆ ಪಡೆದ ವಿದ್ಯೆಗೆ ಒಳಗೆ ಬೆಲೆಯಿಲ್ಲದೆ ಹೋಯಿತು. ಆ ನೋವನ್ನು ಅವರು ನುಂಗಿ ಕೂಡಲಿಲ್ಲ. ಮುಂದಿನ ವರ್ಷಗಳಲ್ಲಿ ಬರೆದರು, ಮನವಿ ಸಲ್ಲಿಸಿದರು, ಅಧಿಕಾರಿಗಳ ಬಾಗಿಲು ತಟ್ಟಿದರು. ಸುಮಾರು ಮೂರು ದಶಕಗಳ ನಂತರ ಫಲ ದೊರೆಯಿತು. 'ಎರಾಸ್ಮಸ್‌ನ ತಾಯಿ' ಎಂದೇ ಅವರನ್ನು ಕರೆಯುತ್ತಾರೆ. ಕಳುಹಿಸುವುದಷ್ಟೇ ಸಾಲದು, ಮರಳಿ ಬಂದವರ ಕೈಯಲ್ಲಿರುವುದನ್ನು ಸ್ವೀಕರಿಸಲೂ ಬೇಕು ಎಂಬುದು ಈ ಯೋಜನೆಯ ತಿರುಳಾಗಿದೆ.

ಈಗ ಬಲ್ಗೇರಿಯದ ಒಬ್ಬ ವಿದ್ಯಾರ್ಥಿನಿಯನ್ನು ನಮ್ಮ ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳೋಣ. ಈಕೆ ಹೆಸರುಳ್ಳ ಒಬ್ಬ ವ್ಯಕ್ತಿಯಲ್ಲ. ಆ ದಾರಿಯಲ್ಲಿ ಹೋಗಿ ಬಂದ ಸಾವಿರಾರು ಮಕ್ಕಳ ಪ್ರತಿನಿಧಿ ಎಂದು ತಿಳಿದರೆ ಸಾಕು. ರಾಜಧಾನಿ ಸೋಫಿಯಾದಲ್ಲಿ ಓದುತ್ತಿರುವ ಈಕೆ ಒಂದು ವರ್ಷದ ಮಟ್ಟಿಗೆ ಜರ್ಮನಿಗೆ ಹೊರಟಿದ್ದಾಳೆ. ಹೊರಡುವ ಮುನ್ನ ಅಲ್ಲಿ ಯಾವ ಯಾವ ವಿಷಯ ಓದುವಳೆಂಬ ಒಪ್ಪಂದ ಪತ್ರಕ್ಕೆ ಅವಳೂ, ಕಳುಹಿಸುವ ವಿಶ್ವವಿದ್ಯಾಲಯವೂ, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯವೂ ಸಹಿ ಹಾಕಬೇಕು. ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್ ಎಂಬುದು ಯುರೋಪಿನ ಲೆಕ್ಕ. ತಂದೆಯ ಲೆಕ್ಕ ಬೇರೆಯದು. 2025ರ ಕೊನೆಯವರೆಗೆ ಆ ದೇಶದ ನಾಣ್ಯ 'ಲೆವ' ಆಗಿತ್ತು. ಒಂದು ಯೂರೋಗೆ 1.95583 ಲೆವ ಎಂಬುದು ನಿಗದಿಯಾದ ದರ. ಆದುದರಿಂದ ಮಗಳು ಅಲ್ಲಿ ಕೊಡುವ ಪ್ರತಿ ಬಾಡಿಗೆಯನ್ನೂ, ಪ್ರತಿ ರೊಟ್ಟಿಯ ಬೆಲೆಯನ್ನೂ ಮನೆಯಲ್ಲಿ ಕುಳಿತವರು ಎರಡರಿಂದ ಗುಣಿಸಿಯೇ ನಿಟ್ಟುಸಿರು ಬಿಡುತ್ತಿದ್ದರು. 2026ರ ಜನವರಿ 1ರಿಂದ ಬಲ್ಗೇರಿಯದಲ್ಲಿಯೂ ಯೂರೋ ಬಂದಿದೆ. ಗುಣಾಕಾರ ತಪ್ಪಿತು, ಖರ್ಚಿನ ಚಿಂತೆ ತಪ್ಪಲಿಲ್ಲ.

ಜರ್ಮನ್ ಭಾಷೆಯ ಪರೀಕ್ಷೆಯಲ್ಲಿ ಉತ್ತೀರ್ಣಳಾದೆನೆಂಬ ಪ್ರಮಾಣಪತ್ರ ಅವಳ ಕೈಯಲ್ಲಿದೆ. ಆದರೆ ಪುಸ್ತಕದ ಭಾಷೆಯೇ ಬೇರೆ, ತರಗತಿಯಲ್ಲಿ ಪ್ರಾಧ್ಯಾಪಕರ ಬಾಯಿಂದ ಹೊಳೆಯಂತೆ ಹರಿಯುವ ಭಾಷೆಯೇ ಬೇರೆ ಎಂಬುದು ಮೊದಲ ವಾರದಲ್ಲೇ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಪೇಚು ತಲೆಯಾಡಿಸುವುದರಲ್ಲಿದೆ. ಬಲ್ಗೇರಿಯದ ಜನ 'ಹೌದು' ಎನ್ನಲು ತಲೆಯನ್ನು ಅತ್ತಿತ್ತ ಆಡಿಸುತ್ತಾರೆ. 'ಇಲ್ಲ' ಎನ್ನಲು ಮೇಲಕ್ಕೆತ್ತುತ್ತಾರೆ. 'ತಿಳಿಯಿತೇ?' ಎಂದು ಪ್ರಾಧ್ಯಾಪಕರು ಕೇಳಿದಾಗ ಈಕೆ ತನ್ನ ಊರಿನ ರೂಢಿಯಂತೆ 'ಹೌದು' ಎಂದು ತಲೆಯಾಡಿಸಿದರೆ, ತಿಳಿಯಲಿಲ್ಲವೆಂದು ಭಾವಿಸಿ ಅವರು ಮತ್ತೊಮ್ಮೆ ಮೊದಲಿನಿಂದ ವಿವರಿಸಲು ತೊಡಗುತ್ತಾರೆ. ತಲೆಯಾಡಿಸಿ ಪರದೇಶದವರನ್ನು ಗೊಂದಲಕ್ಕೀಡುಮಾಡುವ ಕಲೆ ನಮ್ಮವರಿಗೂ ಹೊಸದಲ್ಲವಾದುದರಿಂದ ಓದುಗರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು.

ಮುಂದೆ ಪರೀಕ್ಷೆಯಾಗುತ್ತದೆ. 'ಅಮ್ಮ, ನನಗೆ ಎರಡು ಬಂದಿದೆ' ಎಂದು ಮಗಳು ದೂರವಾಣಿಯಲ್ಲಿ ಹಿಗ್ಗಿನಿಂದ ಹೇಳುತ್ತಾಳೆ. ತಾಯಿಯ ಎದೆ ಧಸಕ್ಕೆನ್ನುತ್ತದೆ. ಏಕೆಂದರೆ ಬಲ್ಗೇರಿಯದಲ್ಲಿ 6 ಅತ್ಯುತ್ತಮ, 3 ಕನಿಷ್ಠ, 2 ಎಂದರೆ ಅನುತ್ತೀರ್ಣ. ಜರ್ಮನಿಯಲ್ಲಾದರೋ ಲೆಕ್ಕ ತಲೆಕೆಳಗು: 1 ಅತ್ಯುತ್ತಮ, 2 ಉತ್ತಮ, 5 ಅನುತ್ತೀರ್ಣ. ಅದೇ ಅಂಕಿ, ಅದೇ ಬರಹ. ಗಡಿ ದಾಟಿದೊಡನೆ ಅರ್ಥ ತಿರುಗಿಬಿಟ್ಟಿತು. ಪರದೇಶದ ಓದಿನಲ್ಲಿ ಕಲಿಯಬೇಕಾದ ಮೊದಲ ಪಾಠ ಇದೇ ಎಂದು ನಮಗೆ ತೋರುತ್ತದೆ. ನಾವು ಹುಟ್ಟಿದಂದಿನಿಂದ ಸಹಜವೆಂದು ತಿಳಿದದ್ದು ಇನ್ನೊಂದು ಊರಿನಲ್ಲಿ ಸಹಜವಲ್ಲ. ಅವರದೂ ತಪ್ಪಲ್ಲ, ನಮ್ಮದೂ ತಪ್ಪಲ್ಲ. ಈ ಅರಿವನ್ನು ಯಾವ ಅಂಕಪಟ್ಟಿಯೂ ತೋರಿಸಲಾರದು.

ಚಳಿಗಾಲ ಕಳೆಯುವ ಹೊತ್ತಿಗೆ ಮನೆಯಿಂದ ಒಂದು ಲಕೋಟೆ ಬರುತ್ತದೆ. ಅದರಲ್ಲಿ ಕೆಂಪು ಮತ್ತು ಬಿಳಿ ನೂಲು ಹೊಸೆದು ಮಾಡಿದ 'ಮಾರ್ತೆನಿತ್ಸ' ಇರುತ್ತದೆ. ಮಾರ್ಚ್ 1ರಂದು ಬಲ್ಗೇರಿಯದವರು ಇದನ್ನು ಒಬ್ಬರಿಗೊಬ್ಬರು ಕೊಟ್ಟು, ಮುಂಗೈಗೆ ಕಟ್ಟಿಕೊಂಡು ಆರೋಗ್ಯವನ್ನು ಹಾರೈಸುತ್ತಾರೆ. ದೂರದ ಆಫ್ರಿಕದಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಮರಳಿ ಬರುವ ಕೊಕ್ಕರೆಯನ್ನೋ, ಹೂಬಿಟ್ಟ ಮರವನ್ನೋ ಕಂಡ ದಿನ ಅದನ್ನು ಬಿಚ್ಚಿ ಮರದ ಕೊಂಬೆಗೆ ಕಟ್ಟುವುದು ವಾಡಿಕೆ. ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಬೇರೆ ಬೇರೆ ದೇಶಗಳ ಗೆಳತಿಯರ ಮುಂಗೈಗೆ ಆ ನೂಲನ್ನು ಕಟ್ಟುತ್ತ, ಅದರ ಕಥೆಯನ್ನು ಬಾರದ ಭಾಷೆಯಲ್ಲಿ ಹೇಳಲು ತೊಡಗಿದಾಗ, ಊರಿನಲ್ಲಿದ್ದಾಗ ಯೋಚಿಸದೆ ಕಟ್ಟಿಕೊಳ್ಳುತ್ತಿದ್ದ ಎಳೆಯ ಅರ್ಥ ಅವಳಿಗೇ ಮೊದಲ ಬಾರಿ ಹೊಳೆಯುತ್ತದೆ.

ಆ ಅಡುಗೆಮನೆಯಲ್ಲಿ ಅವಳು ಹುಡುಕಿ ಸಿಗದೆ ಹಂಬಲಿಸುವ ಪದಾರ್ಥವೆಂದರೆ ಊರಿನ ಗಟ್ಟಿ ಮೊಸರು. ಮೊಸರಿನ ಮಾತು ಬಂದಾಗ ಇನ್ನೊಬ್ಬ ಬಲ್ಗೇರಿಯನ್ ವಿದ್ಯಾರ್ಥಿಯನ್ನು ನೆನೆಯದಿರಲಾಗದು. ಸ್ಟಾಮೆನ್ ಗ್ರಿಗೊರೊವ್ 1878ರಲ್ಲಿ ಸ್ತುದೆನ್ ಇಜ್ವೊರ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ವೈದ್ಯಕೀಯ ಓದಲು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದವರು. 1905ರಲ್ಲಿ ಅಲ್ಲಿಯ ಪ್ರಯೋಗಶಾಲೆಯಲ್ಲಿ ತಮ್ಮ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯವನ್ನು ಕಂಡುಹಿಡಿದರು. ಅದರ ಹೆಸರಿನಲ್ಲಿ ಇಂದಿಗೂ 'ಬಲ್ಗೇರಿಕಸ್' ಎಂಬ ಪದವಿದೆ. ಅವರ ತಾಯಿ, ಅಜ್ಜಿ ದಿನವೂ ಕೈಯಾಡಿಸುತ್ತಿದ್ದ ಹೆಪ್ಪಿನ ಗುಟ್ಟನ್ನು ತಿಳಿಯಲು ಪರದೇಶದ ಸೂಕ್ಷ್ಮದರ್ಶಕ ಬೇಕಾಯಿತು. ಆದರೆ ಆ ಮೊಸರನ್ನು ಪರೀಕ್ಷಿಸಬೇಕೆಂಬ ಬುದ್ಧಿ ಮನೆಯಲ್ಲಿ ಮೊಸರುಂಡು ಬೆಳೆದವನಿಗೇ ಬಂದಿತು. ಗ್ರಿಗೊರೊವ್ ತಾಯ್ನಾಡಿಗೆ ಮರಳಿ, ತಮ್ಮ ಸೀಮೆಯ ತ್ರುನ್ ಪಟ್ಟಣದಲ್ಲಿ ವೈದ್ಯರಾಗಿ ದುಡಿದರು. 'ಹೋಗಿ ಬರುತ್ತೇನೆ' ಎಂಬ ಮಾತಿನ ಎರಡು ಪದಗಳನ್ನೂ ಅವರು ಸಲ್ಲಿಸಿದರು.

ಎಲ್ಲರಿಗೂ ಆ ಭಾಗ್ಯ ಲಭಿಸಲಿಲ್ಲ. ಸಾಹಿತ್ಯ ಚಿಂತಕರಾಗಿ ಲೋಕಪ್ರಸಿದ್ಧರಾದ ತ್ಸ್ವೆತಾನ್ ತೊದೊರೊವ್ 1939ರಲ್ಲಿ ಸೋಫಿಯಾದಲ್ಲಿ ಜನಿಸಿದವರು. 1963ರಲ್ಲಿ ಅವರು ಒಂದು ವರ್ಷದ ಓದಿಗೆಂದು ಪ್ಯಾರಿಸಿಗೆ ಹೋದರು. ಆಗ ಬಲ್ಗೇರಿಯದಲ್ಲಿ ಕಮ್ಯುನಿಸ್ಟ್ ಆಡಳಿತ, ಗಡಿಗಳು ಬಿಗಿಯಾಗಿದ್ದವು. ಅವರು ಅಲ್ಲಿಯೇ ನೆಲೆಸಿದರು. ತಾಯ್ನೆಲವನ್ನು ಮತ್ತೆ ಮೆಟ್ಟಿದ್ದು 18 ವರ್ಷಗಳ ನಂತರ, 1981ರಲ್ಲಿ, ಒಂದು ವಿದ್ವತ್ ಸಮ್ಮೇಳನಕ್ಕಾಗಿ. ಆ ಸಮ್ಮೇಳನಕ್ಕೆಂದು ಫ್ರೆಂಚಿನಲ್ಲಿ ಸಿದ್ಧಪಡಿಸಿದ್ದ ಭಾಷಣವನ್ನು ಬಲ್ಗೇರಿಯನ್ ಭಾಷೆಗೆ ತಿರುಗಿಸತೊಡಗಿದಾಗ, ಕೇಳುಗರು ಬದಲಾದೊಡನೆ ತಮ್ಮ ಮಾತಿನ ಅರ್ಥವೂ ಬದಲಾಗುವುದನ್ನು ಕಂಡು ಅವರು ತಬ್ಬಿಬ್ಬಾದರು. ನಮ್ಮ ವಿದ್ಯಾರ್ಥಿನಿಯ 'ಎರಡು' ಎಂಬ ಅಂಕದ ಕಥೆಯೇ ಇದು. ಆದರೆ ಇಲ್ಲಿ ಪಣಕ್ಕಿದ್ದುದು ಒಂದು ಅಂಕವಲ್ಲ, ಒಂದು ಇಡೀ ಬಾಳು. ದೇಶ ಬಿಟ್ಟವರನ್ನು ಕಾಡುವ ಒಂದು ಕನಸನ್ನೂ ಅವರು ಮುಂದೆ ಬರೆದಿದ್ದಾರೆ: ತಾನು ಸೋಫಿಯಾಕ್ಕೆ ಬಂದಿದ್ದೇನೆ, ಆದರೆ ಏನೋ ಅಡ್ಡಿಯಾಗಿ ಅಲ್ಲಿಂದ ಮತ್ತೆ ಹೊರಡಲಾಗುತ್ತಿಲ್ಲ ಎಂಬ ಕನಸು. ಹುಟ್ಟೂರಿಗೆ ಬರುವುದೇ ದುಃಸ್ವಪ್ನವಾಗುವಂಥ ಕಾಲ ಅದಾಗಿತ್ತು. 2017ರಲ್ಲಿ ಅವರು ಪ್ಯಾರಿಸಿನಲ್ಲಿಯೇ ತೀರಿಕೊಂಡರು.

ಇಂದು ಆ ಬಿಗಿ ಗಡಿಗಳಿಲ್ಲ. ಬಲ್ಗೇರಿಯದ ಮಗಳು ವೀಸಾ ಇಲ್ಲದೆ ಜರ್ಮನಿಗೆ ಹೋಗಬಲ್ಲಳು, ಮನಸ್ಸಾದಾಗ ಮರಳಬಲ್ಲಳು. ಆದರೂ ಮರಳುವಿಕೆ ಖಚಿತವೆಂದು ಹೇಳುವಂತಿಲ್ಲ. 1985ರ ಜನಗಣತಿಯಲ್ಲಿ ಸುಮಾರು 89 ಲಕ್ಷವಿದ್ದ ಆ ದೇಶದ ಜನಸಂಖ್ಯೆ 2021ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಹುಟ್ಟುವವರು ಕಡಿಮೆಯಾದದ್ದು ಒಂದು ಕಾರಣ. ದುಡಿಮೆಗಾಗಿ, ಉತ್ತಮ ಸಂಬಳಕ್ಕಾಗಿ ಹೊರಗೆ ಹೋದವರು ಹೋದಲ್ಲಿಯೇ ನಿಂತದ್ದು ಇನ್ನೊಂದು. ಹಿಂದೆ ಗಡಿಯ ಕಾವಲು ತಡೆಯುತ್ತಿತ್ತು. ಈಗ ಸಂಬಳದ ಅಂತರ ತಡೆಯುತ್ತದೆ. ಬೀಗ ಹಾಕಿದ ಮನೆಗಳು, ಮೊಮ್ಮಕ್ಕಳನ್ನು ಫೋನಿನ ಪರದೆಯ ಮೇಲೆ ಮಾತ್ರ ಕಾಣುವ ಅಜ್ಜ ಅಜ್ಜಿಯರು ಆ ನಾಡಿನ ಊರುಗಳಲ್ಲಿ ಸಾಮಾನ್ಯರಾಗಿದ್ದಾರೆ. ಈ ಮಾತನ್ನು ಬರೆಯುವಾಗ ನಮ್ಮ ಕಣ್ಣ ಮುಂದೆ ನಮ್ಮದೇ ಊರುಗಳ ಕೆಲವು ಮನೆಗಳೂ ಸುಳಿದವು ಎಂದರೆ ಓದುಗರು ಆಶ್ಚರ್ಯಪಡಲಾರರು.

ಹಾಗಾದರೆ ಮಕ್ಕಳನ್ನು ಕಳುಹಿಸಲೇಬಾರದೇ? ನಾವು ಹಾಗೆನ್ನುವುದಿಲ್ಲ. ಭಾರತದ ವಿದ್ಯಾರ್ಥಿಗಳಿಗೂ ಎರಾಸ್ಮಸ್ ಮುಂಡಸ್ ಎಂಬ ವಿದ್ಯಾರ್ಥಿವೇತನದ ಮೂಲಕ 2004ರಿಂದ ಯುರೋಪಿನ ಬಾಗಿಲು ತೆರೆದಿದೆ. ಅರ್ಹತೆಯುಳ್ಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಅದನ್ನು ದಾಟಿ ಹೋಗಲಿ. ಮಕ್ಕಳು ಹೊರಗೆ ಹೋಗುವುದರಿಂದ ಮನೆ ಬಡವಾಗುವುದಿಲ್ಲ. ಅವರು ತಂದುದನ್ನು ಒಳಗೆ ಕರೆದುಕೊಳ್ಳದಿದ್ದರೆ ಬಡವಾಗುತ್ತದೆ.

ನಮ್ಮ ವಿದ್ಯಾರ್ಥಿನಿ ಜುಲೈ ತಿಂಗಳಿನಲ್ಲಿ ಸೋಫಿಯಾಕ್ಕೆ ಮರಳುತ್ತಾಳೆ. ಕೈಯಲ್ಲಿ ಒಪ್ಪಂದ ಪತ್ರವಿದ್ದರೂ ಕೆಲವೊಮ್ಮೆ ಒಂದೆರಡು ವಿಷಯ ಹೊಂದಲಿಲ್ಲವೆಂದು ಮತ್ತೆ ಪರೀಕ್ಷೆಗೆ ಕೂಡಬೇಕಾದೀತು. ಅದನ್ನು ಅವಳು ಸಹಿಸಿಕೊಳ್ಳುತ್ತಾಳೆ. ಸಹಿಸಲು ಕಷ್ಟವಾಗುವುದು ಮನೆಯೊಳಗಿನ ಮೌನ. ಒಂದು ವರ್ಷದಲ್ಲಿ ಕಂಡುದನ್ನು ಹೇಳಲು ಅವಳಿಗೆ ಬಾಯಿ ತುಂಬ ಮಾತಿದೆ. ಮೊದಲ ಸಂಜೆ ಎಲ್ಲರೂ ಕೇಳುತ್ತಾರೆ. ಎರಡನೆಯ ಸಂಜೆ ಕೆಲವರು. ಮೂರನೆಯ ದಿನ 'ನಿಮ್ಮ ಜರ್ಮನಿ ಪುರಾಣ ಸಾಕು' ಎಂಬ ನಗೆಮಾತು ಬರುತ್ತದೆ. 'ಅಲ್ಲಿ ಹೀಗಿತ್ತು, ಇಲ್ಲಿ ಏಕಿಲ್ಲ?' ಎಂದು ಅವಳು ಕೇಳಿದರೆ ಹಿರಿಯರಿಗೆ ಅದು ಉದ್ಧಟತನವೆನಿಸುತ್ತದೆ. ಕೊರ್ರಾದಿಯವರಿಗೆ ರೋಮಿನಲ್ಲಿ ಆದ ಮುಖಭಂಗ ಹೀಗೆ ಮನೆಯ ಪಡಸಾಲೆಯಲ್ಲಿಯೂ ಆಗಬಹುದು. ಅಂಥ ಮನೆಯಿಂದ ಮತ್ತೊಮ್ಮೆ ಹೊರಟವಳು ಆಗ 'ಹೋಗುತ್ತೇನೆ' ಎಂದಷ್ಟೇ ಹೇಳಿಯಾಳು.

ಆದುದರಿಂದ ತಾಯಿತಂದೆಯರಲ್ಲಿ ನಮ್ಮದೊಂದು ಬಿನ್ನಹ. ಹೊರಗೆ ಓದಿ ಬಂದ ಮಗಳೋ ಮಗನೋ ಮನೆಗೆ ಕಾಲಿಟ್ಟಾಗ ಅಂಕವೆಷ್ಟು, ಸಂಬಳವೆಷ್ಟು ಎಂಬ ಪ್ರಶ್ನೆಗಳನ್ನು ಕೆಲವು ದಿನ ಬದಿಗಿಡಿ. ಏನು ಉಂಡೆ, ಯಾರೊಡನೆ ಇದ್ದೆ, ಯಾವುದು ಕಷ್ಟವಾಯಿತು, ನಮ್ಮಲ್ಲಿ ಯಾವುದು ಬದಲಾಗಬೇಕೆನಿಸಿತು ಎಂದು ಕೇಳಿ. ಉತ್ತರ ಹಿಡಿಸದಿದ್ದರೂ ಕೊನೆಯವರೆಗೆ ಕೇಳಿಸಿಕೊಳ್ಳಿ.

ಮಕ್ಕಳು 'ಹೋಗಿ ಬರುತ್ತೇನೆ' ಎಂದಾಗ ನಾವು ಹೊಸ್ತಿಲಲ್ಲಿ ನಿಂತು 'ಹೋಗಿ ಬಾ' ಎನ್ನುತ್ತೇವಲ್ಲವೇ? ಅದರಲ್ಲಿ 'ಹೋಗಿ' ಎಂಬುದು ಅವರ ಪಾಲಿನ ಕೆಲಸ. 'ಬಾ' ಎಂದವರು ನಾವು. ಆ ಮಾತನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ.