ರಾತ್ರಿ ಒಂಬತ್ತರ ಕರೆ ಎತ್ತಲೇಬೇಕೆ?

ಚರ್ಚೆಯ ಪ್ರಶ್ನೆ: ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಫೋನು, ವಾಟ್ಸ್‌ಆ್ಯಪ್‌ಗೆ ಉತ್ತರಿಸದೆ ಇರುವ ಹಕ್ಕನ್ನು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ ನೌಕರರಿಗೆ ಕಾನೂನು ಕೊಡಬೇಕೆ?

ಯಾದಗಿರಿ ಜಿಲ್ಲೆಯ ಕಕ್ಕೇರಾದಲ್ಲಿ ಪುರಸಭೆ ಇದೆ, ಸೋಮನಾಥನ ಜಾತ್ರೆ ಇದೆ. ಪಿಆರ್ ಏಜೆನ್ಸಿ ಎಂದರೆ ಮಾತ್ರ ಹುಬ್ಬೇರಿಸಿ ನೋಡುವವರೇ ಹೆಚ್ಚು. ಜಿಲ್ಲೆಯಲ್ಲಿ ಆ ಬಗೆಯ ಕೆಲಸಕ್ಕೆ ಹತ್ತಿರದ್ದು ಸರ್ಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೋ ಪತ್ರಿಕೋದ್ಯಮ ಓದಿದ ಸುರಪುರ, ಶಹಾಪುರ ಕಡೆಯ ಹುಡುಗ ಹುಡುಗಿಯರು ಖಾಸಗಿ ಏಜೆನ್ಸಿಯ ನೌಕರಿ ಬೇಕೆಂದರೆ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ದಾರಿ ಹಿಡಿಯಬೇಕು. ಅಲ್ಲಿ ಅವರ ಕನ್ನಡಕ್ಕೆ ಗಿರಾಕಿ ಇದೆ. ಕಂಪನಿಯ ಇಂಗ್ಲಿಷ್ ಪ್ರಕಟಣೆಯನ್ನು ಕನ್ನಡಕ್ಕೆ ತರುವುದು, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಪತ್ರಿಕಾ ಕಚೇರಿಗಳಿಗೆ ಫೋನ್ ಹಚ್ಚುವುದು, ಸುದ್ದಿ ಎಲ್ಲೆಲ್ಲಿ ಬಂತೆಂದು ಮರುದಿನ ಲೆಕ್ಕ ಕೊಡುವುದು. ಕೆಲಸ ಚೊಲೋ ಇದೆ, ಅದಕ್ಕೆ ಹೊತ್ತು ಗೊತ್ತಿಲ್ಲ ಅಷ್ಟೆ, ಎಂಬುದು ಒಳಗಿದ್ದವರಿಂದ ಮತ್ತೆ ಮತ್ತೆ ಕೇಳಿಬರುವ ಮಾತು.

ಪರ

ಏಜೆನ್ಸಿಯಲ್ಲಿ ಕೆಳಗಿನ ಹುದ್ದೆಯವರ ದಿನ ಬೆಳಗ್ಗೆ ಏಳರ ಸುಮಾರಿಗೇ ಶುರುವಾಗುತ್ತದೆ. ಕ್ಲೈಂಟ್ ಹೆಸರು, ಅವರ ಎದುರಾಳಿಯ ಹೆಸರು ಯಾವ ಪತ್ರಿಕೆಯಲ್ಲಿ ಬಂದಿದೆ ಎಂದು ಹುಡುಕಿ, ಆ ಪಟ್ಟಿಯನ್ನು ಕ್ಲೈಂಟ್ ಕಚೇರಿಗೆ ಬರುವ ಮೊದಲೇ ಅವರ ಮೇಲ್‌ಗೆ ತಲುಪಿಸಬೇಕು. ಹಗಲೆಲ್ಲ ಮೀಟಿಂಗ್, ವರದಿಗಾರರ ಬೆನ್ನು ಹತ್ತುವುದು. ಕ್ಲೈಂಟ್‌ನ ಕಾನೂನು ವಿಭಾಗ ತಿದ್ದಿ, ಮೇಲಿನವರು ಒಪ್ಪಿ, ಇಂಗ್ಲಿಷ್ ಕರಡು ಕೈಗೆ ಬರುವಾಗ ಸಂಜೆ ಏಳೋ ಎಂಟೋ. ಕನ್ನಡದ ಸರದಿ ಅದಾದ ಮೇಲೆ. ಹೀಗಾಗಿ ಏಜೆನ್ಸಿಯೊಳಗೆ ಎಲ್ಲರಿಗಿಂತ ತಡವಾಗಿ ಕೆಲಸ ಮುಗಿಸಿ ಏಳುವವರಲ್ಲಿ ಕನ್ನಡದ ಕೆಲಸ ಮಾಡುವವರೂ ಸೇರಿದ್ದಾರೆ.

ಇದಕ್ಕೆ ಕಾನೂನಿಲ್ಲವೇ? ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ಗೆರೆ ಎಳೆದಿದೆ. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ, ಅದೂ ಮೂರು ತಿಂಗಳಿಗೆ 50 ತಾಸು ಮೀರಬಾರದು. ಆದರೆ ಆ ಕಾಯ್ದೆ ಬರೆದವರ ಕಣ್ಣ ಮುಂದಿದ್ದದ್ದು ಶಟರ್ ಎಳೆದರೆ ಮುಗಿಯುವ ದುಡಿಮೆ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಪ್ರಕಟಣೆ ತಿದ್ದುವವರ ತಾಸುಗಳನ್ನು ಯಾರು ಎಣಿಸಬೇಕು? ಅದರ ಮೇಲೆ ಹುದ್ದೆಯ ಹೆಸರಿನ ಮಸಲತ್ತು ಬೇರೆ. ಆಡಳಿತದ ಹೊಣೆ ಹೊತ್ತವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಮೂರ್ನಾಲ್ಕು ವರ್ಷಕ್ಕೇ ‘ಅಕೌಂಟ್ ಮ್ಯಾನೇಜರ್’ ಎಂಬ ಹೆಸರು ಸಿಕ್ಕವರು ತಮಗೆ ಇನ್ನು ಓವರ್‌ಟೈಮ್ ಕೇಳುವ ಬಾಯಿಲ್ಲ ಎಂದೇ ತಿಳಿದುಕೊಂಡಿರುತ್ತಾರೆ.

ಹಣದ ಕಡೆಯಿಂದ ನೋಡಿದರೆ ಗಂಟು ಇನ್ನೂ ಸ್ಪಷ್ಟ. ಏಜೆನ್ಸಿಗಳು ಹೆಚ್ಚಾಗಿ ದುಡಿಯುವುದು ರಿಟೇನರ್ ಮೇಲೆ, ಅಂದರೆ ತಿಂಗಳಿಗಿಷ್ಟು ಎಂಬ ಕಟ್ಟು ಮೊತ್ತ. ಆ ಮೊತ್ತ ನಿಂತಲ್ಲೇ ನಿಲ್ಲುತ್ತದೆ, ಕೆಲಸ ಬೆಳೆಯುತ್ತದೆ. ರಾತ್ರಿ ಹತ್ತಕ್ಕೆ ಕೇಳಿದ ‘ಒಂದು ಸಣ್ಣ ಬದಲಾವಣೆ’ಗೆ ಕ್ಲೈಂಟ್ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ. ಬಿಟ್ಟಿ ಸಿಗುವುದನ್ನು ಯಾರು ಹಿಡಿತದಿಂದ ಬಳಸುತ್ತಾರೆ?

ಕಟ್ಟು ಹಣಕ್ಕೆ ಮಿತಿಯಿಲ್ಲದ ದುಡಿಮೆ ಎಂಬ ಈ ಲೆಕ್ಕ ಕಕ್ಕೇರಾ ಸೀಮೆಗೆ ಹೊಸದೇನಲ್ಲ. ಕೃಷ್ಣೆಯ ಕಾಲುವೆ ನೀರು ಮುಟ್ಟದ ಹೊಲಗಳವರು ಬೆಂಗಳೂರಿಗೆ ಗುಳೆ ಹೋಗುವಾಗ ಮೇಸ್ತ್ರಿ ಕೈಯಿಂದ ಮುಂಗಡ ಹಿಡಿಯುತ್ತಾರೆ. ಮುಂಗಡ ಹಿಡಿದ ಮೇಲೆ ಹೊತ್ತು ಮುಳುಗಿತೆಂದು ಕೆಲಸ ಬಿಟ್ಟು ಏಳುವಂತಿಲ್ಲ. ಓದಿದ ಮಗಳು ಎ.ಸಿ. ಕಚೇರಿಯಲ್ಲಿ ಕೂತರೆ ಆ ಪಾಡು ತಪ್ಪಿತೆಂದು ಮನೆಯವರು ನಂಬಿರುತ್ತಾರೆ.

ಜಪಾನಿನಲ್ಲಿ ಹೊತ್ತು ಮೀರಿದ ದುಡಿಮೆ ಸಾವಿನವರೆಗೆ ಹೋಯಿತು. ಜಾಹೀರಾತು ದೈತ್ಯ ಡೆಂಟ್ಸು ಸಂಸ್ಥೆಯ 24 ವರ್ಷದ ಉದ್ಯೋಗಿಯೊಬ್ಬಳು 2015ರ ಡಿಸೆಂಬರ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಅತಿ ದುಡಿಮೆಯೇ ಕಾರಣವೆಂದು ಅಲ್ಲಿನ ಕಾರ್ಮಿಕ ಇಲಾಖೆ 2016ರಲ್ಲಿ ಒಪ್ಪಿತು, ಸಂಸ್ಥೆಯ ಅಧ್ಯಕ್ಷರು ಹುದ್ದೆ ಬಿಟ್ಟರು. 2017ರಲ್ಲಿ ಕೋರ್ಟು ಹಾಕಿದ ದಂಡ ಮಾತ್ರ 5 ಲಕ್ಷ ಯೆನ್, ಅಂಥ ಸಂಸ್ಥೆಗೆ ಅದೊಂದು ಚಿಲ್ಲರೆ. ಅದೇ ಸಂಸ್ಥೆಯಲ್ಲಿ 1991ರಲ್ಲೂ ಇಂಥದೇ ಸಾವು ಸಂಭವಿಸಿತ್ತು. ಮೊದಲ ಸಾವಿನಿಂದ ಪಾಠ ಕಲಿಯದ ಉದ್ಯಮಕ್ಕೆ ಉಪದೇಶ ಸಾಲದು, ಕಾನೂನೇ ಬೇಕು ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಹೊತ್ತು ಮುಗಿದ ಮೇಲೆ ಉತ್ತರಿಸದಿರುವ ಹಕ್ಕು ಜಾರಿಯಲ್ಲಿದೆ. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಇದಕ್ಕಾಗಿ ಖಾಸಗಿ ಸದಸ್ಯರ ಮಸೂದೆ ಮಂಡಿಸಿದ್ದರು, ಅದು ಮುಂದೆ ಸಾಗಲಿಲ್ಲ. ಕರ್ನಾಟಕದಲ್ಲಿ ಗಾಳಿ ಬೀಸಿದ್ದು ಎದುರು ದಿಕ್ಕಿಗೆ. 2024ರ ಜುಲೈನಲ್ಲಿ ಐಟಿ ಕಂಪನಿಗಳು ದಿನಕ್ಕೆ 12 ತಾಸಿಗೂ ಮೀರಿ ದುಡಿಸಲು ದಾರಿ ಮಾಡುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಬೀದಿಗಿಳಿದು ಕೂಗಿತು. ಪಿಆರ್‌ನವರ ಪರವಾಗಿ ಕೂಗುವವರಾರು? 1958ರಿಂದ ಇರುವ ಪಿಆರ್‌ಎಸ್‌ಐ ವೃತ್ತಿಯವರ ವೇದಿಕೆ, 2001ರ ಪಿಆರ್‌ಸಿಎಐ ಏಜೆನ್ಸಿಗಳ ವೇದಿಕೆ. ಸಂಬಳ, ವೇಳೆಗಾಗಿ ಮಾಲೀಕರೆದುರು ಕೂರುವ ಸಂಘಗಳು ಇವಲ್ಲ.

ವಿರೋಧ

2019ರ ಅಕ್ಟೋಬರ್ 21, ಸೋಮವಾರ. ಮಹಾರಾಷ್ಟ್ರ ವಿಧಾನಸಭೆ ಚುನಾವಣೆಗಾಗಿ ಮುಂಬೈ ಷೇರುಪೇಟೆಗೆ ರಜೆ. ಇನ್ಫೊಸಿಸ್ ಲೆಕ್ಕಪತ್ರಗಳ ಬಗ್ಗೆ ಅನಾಮಧೇಯ ನೌಕರರು ಬರೆದ ದೂರು ಅಂದೇ ಬಯಲಾಯಿತು. ನಮ್ಮಲ್ಲಿ ಸಂಜೆ ಇಳಿಯುವ ಹೊತ್ತಿಗೆ ನ್ಯೂಯಾರ್ಕ್ ಪೇಟೆ ತೆರೆದು ಕಂಪನಿಯ ಷೇರು ಜಾರತೊಡಗಿತು. ಮರುದಿನ ಮುಂಬೈಯಲ್ಲಿ ಬೆಲೆ ಶೇ 16ರಷ್ಟು ಕುಸಿಯಿತು. ಅಂಥ ರಾತ್ರಿ ಕಂಪನಿಯ ಮಾತನ್ನು ಬರೆದುಕೊಡಬೇಕಾದವರು ‘ನಮ್ಮ ಹೊತ್ತು ಮುಗಿಯಿತು’ ಎಂದು ಫೋನ್ ಮಗುಚಿಟ್ಟರೆ? ಕೆಟ್ಟ ಸುದ್ದಿ ಬಂದಾಗ ಜೊತೆಗೆ ನಿಲ್ಲುವುದಕ್ಕೇ ಕ್ಲೈಂಟ್ ಏಜೆನ್ಸಿಯನ್ನು ಇಟ್ಟುಕೊಂಡಿರುತ್ತಾನೆ. ಉಳಿದ ದಿನಗಳ ಪ್ರಕಟಣೆ, ಪತ್ರಿಕಾಗೋಷ್ಠಿಗಳೆಲ್ಲ ಆ ಒಂದು ರಾತ್ರಿಯ ತಾಲೀಮು ಎಂದರೂ ನಡೆದೀತು.

ಪರ ವಾದದವರು ಇದಕ್ಕೆ ಕೂಡಲೇ ಎತ್ತುವ ಆಕ್ಷೇಪ ಒಂದಿದೆ: ಎಲ್ಲ ರಾತ್ರಿಯೂ ಇನ್ಫೊಸಿಸ್ ರಾತ್ರಿ ಆಗಿರುವುದಿಲ್ಲ. ಹೊಸ ಶೋರೂಮಿನ ಫೋಟೊಗೆ ಹಾಕುವ ಎರಡು ಸಾಲನ್ನೂ ‘ಅರ್ಜೆಂಟ್’ ಎಂದೇ ಕಳಿಸುವ ಕ್ಲೈಂಟ್‌ಗಳು ಇದ್ದಾರೆ. ಆಕ್ಷೇಪ ನ್ಯಾಯವಾದದ್ದು, ತಳ್ಳಿಹಾಕಲಾಗದು. ಆದರೆ ಯಾವುದು ನಿಜವಾದ ಅರ್ಜೆಂಟ್, ಯಾವುದು ಸುಳ್ಳು ಎಂಬುದನ್ನು ವಿಧಾನಸೌಧದಲ್ಲಿ ಕೂತು ತೀರ್ಮಾನಿಸಲು ಬರುತ್ತದೆಯೇ? ಆಸ್ಟ್ರೇಲಿಯಾದ ಕಾನೂನಿಗೂ ಅದು ಬಂದಿಲ್ಲ. ಉತ್ತರಿಸದಿರುವುದು ‘ಸಕಾರಣ’ವಾಗಿರಬೇಕು ಎನ್ನುತ್ತದೆ ಅದು. ಕರೆ ಯಾತಕ್ಕಾಗಿ, ನೌಕರನ ಹುದ್ದೆ ಎಂಥದು, ಹೊತ್ತಲ್ಲದ ಹೊತ್ತಿಗೆ ಸಿಗುವುದಕ್ಕೆಂದು ಅವನಿಗೆ ಸಂಬಳ ಸೇರಿದೆಯೇ ಎಂಬುದನ್ನೆಲ್ಲ ತೂಗಿ ನೋಡಬೇಕಂತೆ. ಫ್ರಾನ್ಸ್‌ನದು ಇನ್ನೂ ಮೆತ್ತಗಿನ ದಾರಿ: 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳು ನೌಕರರೊಂದಿಗೆ ಕೂತು ಮಾತಾಡಿಕೊಳ್ಳಲಿ ಎಂದಷ್ಟೇ. ಹಕ್ಕು ಎಂಬ ಮಾತು ಕೇಳಲು ಎಷ್ಟು ಗಟ್ಟಿಯೋ ಒಳಗೆ ಅಷ್ಟಿಲ್ಲ.

ಪತ್ರಿಕೆಗಳ ಗಡಿಯಾರವೂ ಅಡ್ಡ ಬರುತ್ತದೆ. ಜಿಲ್ಲೆಯ ಪುಟಗಳು ಬೇಗ ಮುಗಿಯುತ್ತವೆ, ಮುಖಪುಟ ರಾತ್ರಿಯವರೆಗೆ ತೆರೆದಿರುತ್ತದೆ. ವರದಿಗಾರ ತನ್ನ ಪ್ರತಿ ಬರೆಯಲು ಕೂರುವುದೇ ಸಂಜೆಗೆ. ಒಂದು ಅಂಕಿ ತಾಳೆಯಾಗದೆ ಅವನು ಎಂಟೂವರೆಗೆ ಫೋನ್ ಮಾಡಿ ಯಾರೂ ಎತ್ತದಿದ್ದರೆ ಸುದ್ದಿ ತಪ್ಪಾಗಿ ಹೋಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ. ಮರುದಿನ ಕ್ಲೈಂಟ್ ಮುಂದೆ ತಲೆ ತಗ್ಗಿಸುವುದು ಕಾನೂನು ಮಾಡಿದವರಲ್ಲ, ಫೋನ್ ಎತ್ತದ ಅದೇ ಹುಡುಗ.

ಡೆಂಟ್ಸು ಕಥೆಯ ಇನ್ನರ್ಧವನ್ನು ವಿರೋಧಿಗಳು ನೆನಪಿಸುತ್ತಾರೆ. 2016ರಲ್ಲಿ ಸಂಸ್ಥೆ ರಾತ್ರಿ ಹತ್ತಕ್ಕೆ ಕಚೇರಿಯ ದೀಪ ಆರಿಸತೊಡಗಿತು. ಕ್ಲೈಂಟ್ ಕೇಳುವ ಕೆಲಸ ಕಡಿಮೆಯಾಗದೆ ದೀಪ ಮಾತ್ರ ಆರಿದರೆ ದುಡಿಮೆ ಲ್ಯಾಪ್‌ಟಾಪಿನೊಂದಿಗೆ ಮನೆಗೆ ನಡೆಯುತ್ತದೆ. ಮಾಲೀಕನಿಗೆ ಹಾಕುವ ಲಗಾಮು ಕ್ಲೈಂಟ್‌ಗೆ ತಾಗುವುದಿಲ್ಲ. ತಾಗಬೇಕಾದರೆ ರಿಟೇನರ್ ಒಪ್ಪಂದದಲ್ಲೇ ಬರೆಯಬೇಕು: ತಿಂಗಳಿಗೆ ಇಷ್ಟು ತಾಸು, ಸಂಜೆ ಏಳರ ಮೇಲಿನದಕ್ಕೆ ಬೇರೆ ದರ, ಬಿಕ್ಕಟ್ಟಿನ ದಿನಗಳಿಗೆ ಬೇರೆ ಬಿಲ್. ಕಾನೂನಿಗಿಂತ ಈ ಮೂರು ಸಾಲು ಹೆಚ್ಚು ಕೆಲಸ ಮಾಡುತ್ತವೆ ಎಂಬುದು ವಿರೋಧ ವಾದದ ಅತಿ ಬಲವಾದ ಭಾಗ. ಸ್ಪರ್ಧೆಯಲ್ಲಿ ಯಾವ ಏಜೆನ್ಸಿ ಮೊದಲು ಆ ಸಾಲು ಬರೆಯುವ ಧೈರ್ಯ ಮಾಡೀತು ಎಂದು ಕೇಳಿದರೆ ಅದೇ ವಾದ ಕೊಂಚ ತೊದಲುತ್ತದೆ ಎಂಬುದನ್ನೂ ಹೇಳಲೇಬೇಕು.

ಕೊನೆಯದಾಗಿ, ಏಟು ಯಾರಿಗೆ ಬೀಳುತ್ತದೆ ಎಂಬ ಅಂಜಿಕೆ. ದೊಡ್ಡ ಏಜೆನ್ಸಿಗಳು ಎರಡು ಪಾಳಿ ಮಾಡಿಕೊಂಡಾವು. ಐದಾರು ಜನರ ಸಣ್ಣ ಕಚೇರಿಗಳಿಗೆ ಅದು ಆಗದ ಮಾತು. ಆಸ್ಟ್ರೇಲಿಯಾ ಕೂಡ 15ಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳಿಗೆ ಒಂದು ವರ್ಷ ಹೆಚ್ಚು ಗಡುವು ಕೊಟ್ಟಿತ್ತು. ಅಂಥ ಕಚೇರಿ ಮೊದಲು ಕೈಬಿಡುವುದು ರಾತ್ರಿಯ ಕನ್ನಡ ಕೆಲಸವನ್ನೇ. ಅದನ್ನು ಪದಕ್ಕಿಷ್ಟು ಎಂದು ಹೊರಗಿನ ಅನುವಾದಕರಿಗೆ ಕೊಡುತ್ತದೆ. ಹೊರಗಿನವರಿಗೆ ಪಿಎಫ್ ಇಲ್ಲ, ರಜೆಯಿಲ್ಲ, 1961ರ ಕಾಯ್ದೆಯ 9 ತಾಸಿನ ಗೆರೆಯೂ ಇಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಲಾರದೆ ಊರಿಗೆ ಮರಳಿದ ಹುಡುಗಿ ಕಕ್ಕೇರಾದ ಮನೆಯಿಂದಲೇ ಅದೇ ಏಜೆನ್ಸಿಯ ಅದೇ ಪ್ರಕಟಣೆಯನ್ನು ಅದೇ ರಾತ್ರಿ ಹತ್ತಕ್ಕೆ ಕನ್ನಡಕ್ಕೆ ತರುತ್ತಿರುತ್ತಾಳೆ, ಈ ಸಲ ನೌಕರಿಯಲ್ಲಿಲ್ಲದ ಕಾರಣ ಯಾವ ಹಕ್ಕಿನ ಲೆಕ್ಕಕ್ಕೂ ಸಿಗದೆ.